ಬಟ್ಟೆಯೇ ಪಾತ್ರವಾದಾಗ

ಫ್ಯಾಷನ್ ಶೋವನ್ನು ಮೊದಲ ಸಲ ನೋಡುವ ಹೆಚ್ಚಿನವರು ಕೇಳುವುದು ಒಂದೇ: ‘ಇಂಥದ್ದನ್ನು ಯಾರಾದರೂ ಉಡುತ್ತಾರೆಯೇ?’ ಪ್ರಶ್ನೆ ಸಹಜ. ಆದರೂ ಅದನ್ನು ಸ್ವಲ್ಪ ಹೊತ್ತು ಬದಿಗಿಡಿ. ಯಕ್ಷಗಾನದ ಒಡ್ಡೋಲಗದಲ್ಲಿ ತೆರೆಯ ಮರೆಯಿಂದ ವೇಷ ಸ್ವಲ್ಪಸ್ವಲ್ಪವೇ ಕಾಣಿಸಿಕೊಳ್ಳುವಾಗ, ಆ ಕಿರೀಟವನ್ನು ಮನೆಯಲ್ಲಿ ಯಾರು ಧರಿಸುತ್ತಾರೆಂದು ನಾವು ಕೇಳುವುದಿಲ್ಲ. ಇಲ್ಲಿಯೂ ಆ ಕಣ್ಣು ಬೇಕು.

ಇಂಥ ಪ್ರದರ್ಶನಗಳೊಡನೆ ಕೇಳಿಬರುವ ‘ಓತ್ ಕುತ್ಯೂರ್’ ಅಂದರೆ ಗಿರಾಕಿಯ ಮೈಯಳತೆಗೇ, ಬಹುಪಾಲು ಕೈಯಿಂದಲೇ ಹೊಲಿದ ಉಡುಪು. ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, ಜೀವಂತ ರೂಪದರ್ಶಿಯರ ಮೈಮೇಲೆಯೇ ಉಡುಪು ತೋರಿಸಿದ. ನಿಂತ ಗೊಂಬೆಯ ಮೇಲೆ ಕಾಣದ ಅರಿವೆಯ ಬಳುಕು ನಡೆಯುವ ಮೈಮೇಲೆ ಕಾಣುತ್ತದೆ. ಪ್ರದರ್ಶನದ ಬೇರು ಅಲ್ಲಿದೆ. 1945ರಿಂದ ‘ಓತ್ ಕುತ್ಯೂರ್’ ಎಂಬ ಹೆಸರಿಗೆ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆಯಿದೆ. ಯಾರು ಬೇಕಾದರೂ ಬಳಸುವಂತಿಲ್ಲ.

ನಾಟಕ ಎಷ್ಟು ದೂರ ಹೋಗಬಹುದು? 1998ರಲ್ಲಿ ಡಿಯೋರ್ ಫ್ಯಾಷನ್ ಸಂಸ್ಥೆಗಾಗಿ ವಿನ್ಯಾಸಕ ಜಾನ್ ಗಲಿಯಾನೊ ಪ್ಯಾರಿಸ್ಸಿನ ಓಸ್ಟರ್ಲಿಟ್ಜ್ ರೈಲು ನಿಲ್ದಾಣವನ್ನೇ ರಂಗ ಮಾಡಿಕೊಂಡ. ಪ್ಲಾಟ್‌ಫಾರ್ಮ್ ಪೂರ್ವದೇಶದ ಸಂತೆಯಾಯಿತು. ಉಗಿಬಂಡಿ ಬಂದು ನಿಂತಿತು. ರೂಪದರ್ಶಿಯರು ಅದರಿಂದ ಇಳಿದು ಬಂದರು. ಹುಬ್ಬಳ್ಳಿ ಕಡೆಯ ಗಾಡಿಯಿಂದ ಗೋವಾದ ವಾಸ್ಕೋದಲ್ಲಿ ಇಳಿಯುವ ಜನರನ್ನು ನೋಡಿದವರಿಗೆ ಇದರ ಮರ್ಮ ಬೇಗ ತಿಳಿದೀತು: ರೈಲಿನಿಂದ ಇಳಿದವರನ್ನು ಕಂಡರೆ ‘ಎಲ್ಲಿಂದ ಬಂದರೋ’ ಅನಿಸುತ್ತದೆ. ಆ ಕುತೂಹಲ ಹುಟ್ಟಿದ ಮೇಲೆ ಉಡುಪಿಗೆ ಕಥೆ ತಾನಾಗಿ ಅಂಟಿಕೊಳ್ಳುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು 1999ರಲ್ಲಿ ವಿಕ್ಟರ್ ಆ್ಯಂಡ್ ರಾಲ್ಫ್ ಜೋಡಿ ಮಾಡಿದ್ದು. ರೈಲಿಲ್ಲ, ನಡಿಗೆಯೂ ಇಲ್ಲ. ತಿರುಗುವ ಪೀಠದ ಮೇಲೆ ಒಬ್ಬಳೇ ರೂಪದರ್ಶಿ ಮ್ಯಾಗಿ ರೈಜರ್. ವಿನ್ಯಾಸಕರಿಬ್ಬರೂ ಎದುರಿಗೇ ನಿಂತು ಅವಳಿಗೆ ಒಂದರ ಮೇಲೊಂದು ಉಡುಪು ತೊಡಿಸುತ್ತ ಹೋದರು. ಸಾಮಾನ್ಯವಾಗಿ ತೆರೆಯ ಹಿಂದೆ ನಡೆಯುವ ಕೆಲಸವೇ ಅಲ್ಲಿ ಆಟವಾಯಿತು.

ನಮ್ಮ ಗೋವಾದ ವಿನ್ಯಾಸಕ ವೆಂಡೆಲ್ ರೊಡ್ರಿಕ್ಸ್ ಕೊಲ್ವಾಳೆಯಲ್ಲಿದ್ದವರು; 2014ರಲ್ಲಿ ಪದ್ಮಶ್ರೀ ಪಡೆದು 2020ರಲ್ಲಿ ತೀರಿಕೊಂಡರು. ಅವರದು ಪ್ಯಾರಿಸ್ಸಿನ ಅರ್ಥದ ಕುತ್ಯೂರ್ ಅಲ್ಲ, ಆಡಂಬರವೂ ಅಲ್ಲ. ಹೊಲದಲ್ಲಿ ದುಡಿಯುವ ಹೆಂಗಸರು ಭುಜದ ಮೇಲೆ ಗಂಟು ಹಾಕಿ ಉಡುತ್ತಿದ್ದ ಕುಣಬಿ ಸೀರೆಯ ನೇಯ್ಗೆ ಮರೆಯಾಗುತ್ತಿದ್ದಾಗ ಅದಕ್ಕೆ ಮರುಜೀವ ಕೊಟ್ಟು, 2010ರಲ್ಲಿ ದೆಹಲಿಯ ಫ್ಯಾಷನ್ ವೀಕ್‌ನ ರ‍್ಯಾಂಪಿಗೆ ತಂದರು. ಚೌಕಳಿಯ ಹತ್ತಿ ಬಟ್ಟೆ ಅಷ್ಟು ದೀಪಗಳ ಕೆಳಗೆ ನಡೆದುಬಂದದ್ದೇ ದೊಡ್ಡ ದೃಶ್ಯ. 2020ರ ಜನವರಿಯಲ್ಲಿ ರಾಹುಲ್ ಮಿಶ್ರಾ ಪ್ಯಾರಿಸ್ಸಿನ ಕುತ್ಯೂರ್ ವೀಕ್‌ಗೆ ಆಹ್ವಾನ ಪಡೆದ ಮೊದಲ ಭಾರತೀಯ ವಿನ್ಯಾಸಕರಾದರು. ಅವರ ಬಲವೂ ನಮ್ಮ ದೇಶದ ಕಸೂತಿ ಕೈಗಳೇ.

ಮುಂದಿನ ಸಲ ಫೋನಿನಲ್ಲಿ ಇಂಥ ಪ್ರದರ್ಶನದ ವಿಡಿಯೋ ನೋಡುವಾಗ ಮೊದಲು ಸಂಗೀತ ನಿಲ್ಲಿಸಿ. ಮುಖ ಬಿಟ್ಟು ಸೆರಗು, ನೆರಿಗೆ, ತೋಳುಗಳನ್ನು ಗಮನಿಸಿ. ಹೆಜ್ಜೆಯೊಡನೆ ಬಟ್ಟೆ ಹೇಗೆ ಏಳುತ್ತದೆ, ತಿರುಗಿದಾಗ ಬೆನ್ನಿನ ಕಡೆ ಏನು ಕಾಣುತ್ತದೆ ನೋಡಿ. ಕುತ್ಯೂರ್ ಪ್ರದರ್ಶನಗಳಲ್ಲಿ ಕೊನೆಗೆ ಮದುಮಗಳ ಉಡುಪು ಬರುವುದು ಹಳೆಯ ರೂಢಿ. ಅಲ್ಲಿಯವರೆಗೆ ಬಂದ ಬಣ್ಣಗಳ ಸಾಲನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಸಂಗೀತದೊಡನೆ ಇನ್ನೊಮ್ಮೆ ನೋಡಿ.