ಅಟ್ಟದ ಮೇಲಿನ ಬಿಳಿ ಪುಡಿ



ಒಂದು ದಿನ ನಮ್ಮ ಕಲಿಕಾ ಕೇಂದ್ರದಲ್ಲಿ ಹೇನಿನ ಮಾತು ಬಂತು.

"ಅಟ್ಟದ ಮೇಲೆ ಹಳೇ ಡಿಡಿಟಿ ಡಬ್ಬಿ ಐತೆ. ಮಗಳ ತಲೆಗೆ ಒಂಚೂರು ಹಾಕ್ಲಾ ಟೀಚರ್?" ಎಂದು ಒಬ್ಬ ಅಕ್ಕ ಕೇಳಿದರು.

"ಹಾಕು, ಹಳೇದಲ್ವಾ. ಅದರ ಶಕ್ತಿ ಹೋಗಿರ್ತದೆ" ಎಂದರು ಇನ್ನೊಬ್ಬರು.

ನಾವು ಬೇಡ ಎಂದೆವು. ಏಕೆ? ಓದೋಣ.

ಡಿಡಿಟಿ ಎಂದರೇನು?

ಡಿಡಿಟಿ ಕಾರ್ಖಾನೆಯಲ್ಲಿ ಮಾಡಿದ ವಿಷ. ಇದರಲ್ಲಿ ಕ್ಲೋರಿನ್ ಇದೆ. ಇದು ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಪಾಲ್ ಮುಲ್ಲರ್ ಎಂಬ ವಿಜ್ಞಾನಿ ಕಂಡುಹಿಡಿದರು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆ ಮನೆಯ ಗೋಡೆಗೆ ಡಿಡಿಟಿ ಹೊಡೆದರು. ಸೊಳ್ಳೆ ಸತ್ತವು. ಚಳಿಜ್ವರ ಇಳಿಯಿತು. ಎಷ್ಟೋ ಜೀವ ಉಳಿಯಿತು.

ಕೇಡು ಏನು?

ಡಿಡಿಟಿ ಬೇಗ ನಾಶವಾಗುವುದಿಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಳೆಯದಾದರೂ ವಿಷ ವಿಷವೇ.

ಅದು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿದ ತಲೆಗೆ ಹಾಕಿದರೆ ಚರ್ಮದೊಳಗೆ ಇಳಿಯುತ್ತದೆ. ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮೇವಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ನಮಗೆ ಬರುತ್ತದೆ. ತಾಯಿಯ ಎದೆಹಾಲಿಗೂ ಸೇರುತ್ತದೆ. ಹಾಗಂತ ಎದೆಹಾಲು ಬಿಡಿಸಬೇಡಿ. ಕೂಸಿಗೆ ಅದೇ ಒಳ್ಳೆಯ ಆಹಾರ.

ಇದಕ್ಕೇ 1989ರಲ್ಲಿ ಸರ್ಕಾರ ಬೆಳೆಗೆ ಡಿಡಿಟಿ ಹಾಕುವುದನ್ನು ನಿಲ್ಲಿಸಿತು.

ನಾವೇನು ಮಾಡೋಣ?

1. ಹೇನಿಗೆ ಎಣ್ಣೆ ಹಚ್ಚಿ, ಸೀರಣಿಗೆಯಿಂದ ದಿನಾ ಬಾಚೋಣ.

2. ಕಾಳಿಗೆ ಡಿಡಿಟಿ ಬೆರೆಸುವುದು ಬೇಡ. ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನ ಎಲೆ ಹಾಕೋಣ.

3. ಡಬ್ಬಿಯನ್ನು ಹಿಟ್ಟಿನ ಹತ್ತಿರ ಇಡಬಾರದು. ಪುಡಿಯನ್ನು ಸುಡಬಾರದು, ಕೆರೆಗೆ ಚೆಲ್ಲಬಾರದು. ಖಾಲಿ ಡಬ್ಬಿಯಲ್ಲಿ ಏನೂ ತುಂಬಬಾರದು.

4. ಯಾರಾದರೂ ತಿಂದರೆ ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ವಾಂತಿ, ನಡುಕ, ಫಿಟ್ಸ್ ಬರಬಹುದು. ಹಾಲು, ಎಣ್ಣೆ ಕುಡಿಸಬೇಡಿ. ವಾಂತಿ ಮಾಡಿಸಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಮಾರನೆಯ ದಿನ ಆ ಅಕ್ಕ ಬಂದು ಹೇಳಿದರು: "ಡಬ್ಬಿ ಮೇಲೆ ನಾನೇ ಬರ್ದೆ ಟೀಚರ್, ಎರಡೇ ಅಕ್ಷರ. ವಿಷ. ಪೆಟ್ಟಿಗೇಲಿಟ್ಟು ಬೀಗ ಹಾಕಿವ್ನಿ. ಏನ್ ಮಾಡೋದು ಅಂತ ಆಶಾ ಅಕ್ಕನ್ನ ಕೇಳ್ತೀನಿ."

ಉತ್ತರ ಹೇಳಿ

1. ಡಿಡಿಟಿ ಯಾವುದರಲ್ಲಿ ಕರಗುತ್ತದೆ?
2. ಹಳೆಯ ಡಿಡಿಟಿಯನ್ನು ತಲೆಗೆ ಏಕೆ ಹಾಕಬಾರದು?

ಬರೆಯಿರಿ

ವಿಷ. ಎಣ್ಣೆ. ಕೊಬ್ಬು. ಎದೆಹಾಲು.

ನಿಮ್ಮ ಮನೆಯಲ್ಲಿ ಹೆಸರಿಲ್ಲದ ಪುಡಿ, ಔಷಧಿ ಇವೆಯೇ? ಇವತ್ತೇ ನೋಡಿ. ಅದು ಏನೆಂದು ಗೊತ್ತಿದ್ದರೆ ಹೆಸರು ಬರೆದು ಅಂಟಿಸಿ.