ಮೊದಲು ರೊಟ್ಟಿ ತಿನ್ನು

ತಮ್ಮಾ, ಹೊಟ್ಟೆಗೆ ಏನಾದರೂ ಹಾಕಿಕೊಂಡಿದ್ದರೆ ಮುಂದೆ ಓದು. ಇಲ್ಲದಿದ್ದರೆ ಇದನ್ನು ಮಡಚಿಟ್ಟು ಮೊದಲು ಊಟ ಮಾಡಿ ಬಾ. ಕಾಗಲದ ಆ ಖೋಲಿಯಲ್ಲಿ ನೀನು ಎರಡೂ ಹೊತ್ತು ವಡಾಪಾವ್ ಮೇಲೆ ದಿನ ತಳ್ಳುತ್ತಿದ್ದೀ ಅನ್ನುವುದು ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ನಿಮ್ಮ ಅತ್ತೆಗೆ ಗೊತ್ತಾಯಿತು. ಸಭೆಯ ಹಿರಿಯ ಅನಿಸಿಕೊಂಡ ಮಾಮಾ ದೇವರ ಮಾತು ಬಿಟ್ಟು ರೊಟ್ಟಿಯ ಮಾತು ತೆಗೆದನಲ್ಲಾ ಅನ್ನಬೇಡ. ದೇವರು ಎಲೀಯನ ಹತ್ತಿರವೂ ಅಲ್ಲಿಂದಲೇ ಶುರುಮಾಡಿದ್ದು.

ಎಲೀಯನ ಕಥೆ ನಿನಗೆ ಸಂಡೇ ಸ್ಕೂಲಿನಿಂದ ಗೊತ್ತು. ಆದರೆ ನಾವು ಮಕ್ಕಳಿಗೆ ಹೇಳುವುದು ಕರ್ಮೆಲ್ ಬೆಟ್ಟದ ತನಕ ಮಾತ್ರ. ಆಕಾಶದಿಂದ ಬೆಂಕಿ ಬಿತ್ತು, ಮಳೆ ಬಂತು, ಚಪ್ಪಾಳೆ. ಅದರ ಮುಂದಿನ ಅಧ್ಯಾಯವನ್ನು ದೊಡ್ಡವರಾದ ಮೇಲೆ ನಾವೇ ಓದಿಕೊಳ್ಳಬೇಕು. ಅಷ್ಟು ದೊಡ್ಡ ಪ್ರವಾದಿ ಒಬ್ಬ ರಾಣಿಯ ಬೆದರಿಕೆಗೆ ಅಂಜಿ ಓಡುತ್ತಾನೆ. ಬೇರ್ಷೆಬದಲ್ಲಿ ಜೊತೆಗಿದ್ದ ಆಳನ್ನೂ ಬಿಟ್ಟು ಒಬ್ಬನೇ ಅಡವಿಗೆ ಹೋಗುತ್ತಾನೆ. ಈ ಆಳನ್ನು ಬಿಟ್ಟು ಹೋದ ಮಾತನ್ನು ಸ್ವಲ್ಪ ನೆನಪಿಟ್ಟುಕೋ. ಒಂದು ಜಾಲಿ ಗಿಡದ ಬುಡಕ್ಕೆ ಕುಳಿತು, ಇನ್ನು ಸಾಕು, ನನ್ನ ಪ್ರಾಣ ತಗೊಂಡುಬಿಡು ಎಂದು ದೇವರನ್ನೇ ಕೇಳುತ್ತಾನೆ.

ನೀನು ಆ ರಾತ್ರಿ ನನಗೆ ಅಂದದ್ದೂ ಇದೇ. “ಇರೂದರಾಗ ಏನೈತಿ ಮಾಮಾ” ಅಂದಿ. ಆಮೇಲೆ “ಇದನ್ನ ಯಾರಿಗೂ ಹೇಳಬ್ಯಾಡ್ರಿ” ಅಂದಿ. ನಾನು ಊರಿಗೆಲ್ಲ ಸಾರಿಲ್ಲ, ಹೆದರಬೇಡ. ಆದರೆ ಈ ಮಾತು ನನ್ನ ನಿನ್ನ ನಡುವೆಯೇ ಉಳಿಯುತ್ತದೆ ಎಂದೂ ನಾನು ಭಾಷೆ ಕೊಟ್ಟಿಲ್ಲ. ನಿಮ್ಮ ಅತ್ತೆಗೆ ಹೇಳಿದ್ದೇನೆ, ಇಂಥ ಮಾತು ಒಬ್ಬರ ಹೊಟ್ಟೆಯಲ್ಲೇ ಇರಬಾರದು.

ಎಲೀಯನಿಗೆ ದೇವದೂತ ಏನು ಮಾಡಿದ ನೋಡು. ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ನಾಚಿಕೆಯಾಗಬೇಕು ಅನ್ನಲಿಲ್ಲ. ಮೈ ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಎಲೀಯ ಮತ್ತೆ ಮಲಗಿದ. ಅದಕ್ಕೂ ಬೈಯಲಿಲ್ಲ, ಮಲಗಗೊಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದಾರಿ ದೂರವಿದೆ, ನಿನ್ನ ಕೈಲಾಗದು ಎಂದ. ನಿನ್ನ ಕೈಲಾಗದು ಎಂಬುದನ್ನು ದೇವರ ಕಡೆಯವನೇ ಒಪ್ಪಿಕೊಂಡ ಮಾತು ಅದು. ನಾಲ್ವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲಷ್ಟೇ, ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ. ಎಲೀಯ ದೂರು ಹೇಳಿದ: ಎಲ್ಲ ಹೋದರು, ನಾನೊಬ್ಬನೇ ಉಳಿದೆ. ಅದಕ್ಕೆ ದೇವರ ಉತ್ತರ ಬಲು ಸಾದಾ. ಏಳು ಸಾವಿರ ಜನ ಇದ್ದಾರೆ, ನಿನಗೆ ಕಾಣಲಿಲ್ಲ ಅಷ್ಟೇ. ಹೋಗು, ಎಲೀಷ ಎಂಬವನು ಸಿಗುತ್ತಾನೆ. ಆ ಎಲೀಷ ಸಿಕ್ಕದ್ದು ಗುಡಿಯಲ್ಲಲ್ಲ, ಹೊಲದಲ್ಲಿ, ಹನ್ನೆರಡು ಜೋಡಿ ಎತ್ತು ಹೂಡಿ ಉಳುತ್ತಿದ್ದವನು. ರೊಟ್ಟಿ, ನಿದ್ದೆ, ಆಮೇಲೆ ಒಬ್ಬ ಜೊತೆಗಾರ. ನಾನು ನಿನಗೆ ಹೇಳಬೇಕಾದದ್ದು ಬಹುಪಾಲು ಇಲ್ಲಿಗೇ ಮುಗಿಯಿತು. ಉಳಿದದ್ದು ಮುದುಕರ ಚಟ, ಸ್ವಲ್ಪ ಎಳೆಯುತ್ತೇನೆ.

ನಿನ್ನ ಕಷ್ಟ ಸುಳ್ಳಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಬಂದಾಗ ನಮ್ಮ ಸೀಮೆಯ ಕಬ್ಬು ದಿನಗಟ್ಟಲೆ ನೀರಲ್ಲಿ ನಿಂತಿತು. ಸಾಲ ಮಾಡಿ ಮತ್ತೆ ನಾಟಿ ಮಾಡಿದವರಿಗೆ 2021ರ ಜುಲೈನಲ್ಲಿ ಮತ್ತೊಮ್ಮೆ ಹೊಳೆ ಬಂತು. ಕಾರ್ಖಾನೆಗೆ ಕಬ್ಬು ಹೋಗದಿದ್ದರೂ ಫೈನಾನ್ಸಿನವರ ವಾರದ ಕಂತು ನಿಲ್ಲುವುದಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಸಾಲ, ಅದನ್ನು ತೀರಿಸಲು ಕಾಗಲದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಪಾಳಿ ಕೆಲಸ, ಹೆಂಡತಿ ಮಕ್ಕಳು ತವರಲ್ಲಿ. ಇದು ನಿನ್ನ ಪಾಪದ ಫಲ ಎಂದು ಯಾರಾದರೂ ಅಂದರೆ ಅವರಿಗೆ ಯೋಬನ ಗ್ರಂಥ ಓದಲು ಹೇಳು. ಯೋಬನ ಗೆಳೆಯರೂ ಅದನ್ನೇ ಅಂದು ಕಡೆಗೆ ದೇವರಿಂದಲೇ ಬೈಸಿಕೊಂಡರು.

ಇನ್ನು ಆ ರಮ್ಮಿಯ ಮಾತು. ನೀನು ಹೇಳಲಿಲ್ಲ, ನಿನ್ನ ಹೆಂಡತಿ ಹೇಳಿದಳು. ಯೇಸುಸ್ವಾಮಿಗೆ ಶೋಧನೆ ಬಂದದ್ದು ಯಾವಾಗ ಎಂದು ಗಮನಿಸಿದ್ದೀಯಾ? ಯೊರ್ದಾನ್ ಹೊಳೆಯಲ್ಲಿ, ಜನ ಸುತ್ತ ನಿಂತಾಗ, ಮೇಲಿನಿಂದ ದನಿ ಕೇಳಿದಾಗ ಬರಲಿಲ್ಲ. ಅಡವಿಯಲ್ಲಿ ಒಬ್ಬನೇ ಇದ್ದಾಗ, ನಾಲ್ವತ್ತು ದಿನದ ಉಪವಾಸದಿಂದ ಹಸಿದಾಗ ಬಂತು. ಮೊದಲ ಸಲಕ್ಕೇ ರಾಜ್ಯ, ಐಶ್ವರ್ಯ ತೋರಿಸಿತೇ? ಇಲ್ಲ, ರೊಟ್ಟಿ ತೋರಿಸಿತು. ಹಸಿದವನಿಗೆ ರೊಟ್ಟಿ ಬೇಡುವುದು ತಪ್ಪೇ? ತಪ್ಪಲ್ಲ. ಅದಕ್ಕೇ ಅದು ಮೋಸ. ನಿನ್ನ ಮೊಬೈಲಿನ ಆಟವೂ ನಿನಗೆ ಮಹಡಿ ಮನೆ ತೋರಿಸಲಿಲ್ಲ, ಈ ವಾರದ ಕಂತು ತೋರಿಸಿತು. ಮೊದಲ ದಿನ ನಾಲ್ಕು ನೂರು ಕೊಟ್ಟಿತಂತಲ್ಲ, ಕೊಡಲೇಬೇಕು, ಕೊಡದಿದ್ದರೆ ಯಾರು ಮುಂದೆ ಆಡುತ್ತಾರೆ? 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಒಳ್ಳೆಯದಾಯಿತು. ಆದರೆ ಒಂದು ಆ್ಯಪ್ ಮುಚ್ಚಿದರೆ ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬಂಟಿ ಬೆರಳು ಇನ್ನೊಂದನ್ನು ಹುಡುಕುತ್ತದೆ, ಇಲ್ಲವೆ ಮೂಲೆಯ ಅಂಗಡಿಯ ಬಾಟಲಿಯನ್ನು. ಆ ಖೋಲಿಯಲ್ಲಿ ಜೊತೆಗೆ ಇನ್ನೊಬ್ಬ ಹುಡುಗನನ್ನು ಇಟ್ಟುಕೋ. ಬಾಡಿಗೆಯೂ ಅರ್ಧವಾಗುತ್ತದೆ. ಪಗಾರ ಬಿದ್ದ ದಿನ ಎಟಿಎಂ ಕಾರ್ಡು ನಿನ್ನ ಕೈಯಲ್ಲಿರುವುದು ಬೇಡ, ಹೆಂಡತಿಯ ಕೈಯಲ್ಲಿರಲಿ. ಮನಸ್ಸು ಗಟ್ಟಿ ಮಾಡಿಕೋ ಎಂದು ನಾನು ಹೇಳುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಯಾರ ಮನಸ್ಸೂ ಗಟ್ಟಿ ಇರುವುದಿಲ್ಲ.

ನೀನು ಚರ್ಚಿಗೆ ಬರುವುದು ಬಿಟ್ಟದ್ದೇಕೆ ಎಂಬುದೂ ನನಗೆ ಗೊತ್ತು. ಯಾರೋ ಊರೂರು ತಿರುಗುವ ಪ್ರಸಂಗಿ ಕಾಣಿಕೆ ಹಾಕಿದರೆ ಸಾಲ ಹರಿಯುತ್ತದೆ ಎಂದ. ನೀನು ಹಾಕಿದಿ. ಸಾಲ ಹರಿಯಲಿಲ್ಲ, ಆತ ನಂಬಿಕೆ ಕಡಿಮೆ ಎಂದ. ಅಂಥವರ ಮೇಲೆ ನನಗೆ ಬರುವ ಸಿಟ್ಟನ್ನು ಕಾಗದದಲ್ಲಿ ಬರೆಯುವುದು ಚೆಂದವಲ್ಲ. ಅದರ ಬದಲು ಪೌಲನ ಕಡೆಯ ಕಾಗದ ಓದು, ತಿಮೊಥೆಯನಿಗೆ ಬರೆದ ಎರಡನೆಯದು, ಅದರ ಕಡೆಯ ಅಧ್ಯಾಯ. ಸೆರೆಮನೆಯಲ್ಲಿದ್ದಾನೆ, ಸಾವು ಹತ್ತಿರವಿದೆ. ದೇಮ ಬಿಟ್ಟು ಹೋದ, ಲೂಕನೊಬ್ಬನೇ ಇದ್ದಾನೆ. ಮೊದಲ ವಿಚಾರಣೆಯಲ್ಲಿ ಯಾರೂ ಪಕ್ಕಕ್ಕೆ ನಿಲ್ಲಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಆಗಲೂ ಕರ್ತನು ನಿಂತ ಎನ್ನುತ್ತಾನೆ. ಕರ್ತನು ನಿಂತಿದ್ದಾನಲ್ಲ, ಇನ್ನು ಯಾರೂ ಬೇಡ ಎಂದನೇ? ಇಲ್ಲ. ಬೇಗ ಬಾ, ಚಳಿಗಾಲಕ್ಕೆ ಮುಂಚೆ ಬಾ, ಮಾರ್ಕನನ್ನೂ ಕರೆದುಕೊಂಡು ಬಾ ಎಂದು ಬರೆಯುತ್ತಾನೆ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟು ಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಿಸಿಕೊಳ್ಳುತ್ತಾನೆ. ಸಭೆಗಳನ್ನು ಕಟ್ಟಿದ ಅಪೊಸ್ತಲನಿಗೆ ಚಳಿಯಾಗುತ್ತಿತ್ತು, ಆತ ಅಂಗಿ ಕೇಳಿದ. ಇದರಲ್ಲಿ ನಂಬಿಕೆ ಎಲ್ಲಿ ಕಡಿಮೆಯಾಯಿತು?

ಗೆತ್ಸೇಮನೆಯಲ್ಲಿ ಸ್ವಾಮಿಯೇ ಮೂವರು ಗೆಳೆಯರನ್ನು ಹತ್ತಿರ ಕರೆದು, ಸಾಯುವಷ್ಟು ದುಃಖವಾಗಿದೆ, ಎಚ್ಚರವಾಗಿರಿ ಎಂದು ಬೇಡಿಕೊಂಡರು. ಅವರು ಮಲಗಿಬಿಟ್ಟರು. ಸ್ವಾಮಿ ಹೋಗಿ ಎಬ್ಬಿಸಿದರು, ಗೆಳೆಯರು ಮತ್ತೆ ಮಲಗಿದರು. ನಿನ್ನ ಗೆಳೆಯ ಫೋನ್ ಎತ್ತಲಿಲ್ಲ ಎಂದು ನೀನು ಮುನಿದಿದ್ದೀ. ಇನ್ನೊಮ್ಮೆ ಮಾಡು, ಆಗದಿದ್ದರೆ ಬೇರೆಯವರಿಗೆ ಮಾಡು. ರಾತ್ರಿ ಯಾರೂ ಸಿಗದೆ ಸಾಯುವ ಯೋಚನೆ ಬಂದರೆ 14416ಕ್ಕೆ ಮಾಡು. ಟೆಲಿ ಮಾನಸ್ ಎಂದು ಸರ್ಕಾರದ್ದು, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಆಮೇಲೆ ನನಗೆ ಮಾಡು. ಎಷ್ಟೊತ್ತಾದರೂ ಸರಿ, ಮುದುಕರಿಗೆ ನಿದ್ದೆ ಹೇಗೂ ಕಡಿಮೆ.

ಒಂಟಿತನದ ಮಾತು ಬಂತು, ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ನಮ್ಮ ಐನಾಪುರದ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಹೀಬ್ರೂ, ಗ್ರೀಕ್ ಕಲಿತು ಅನುವಾದಿಸಿದ ಪಂಡಿತಾ ರಮಾಬಾಯಿಯ ಹೆಸರು ನೀನು ಕೇಳಿದ್ದೀ. ಆಕೆ ಹುಟ್ಟಿದ್ದು ನಮ್ಮ ಕರ್ನಾಟಕದ ಸಹ್ಯಾದ್ರಿಯಲ್ಲಿ, ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಹತ್ತಿರದ ಮಾಳದವರು, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದವರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಬರಿಗಾಲಲ್ಲಿ ದೇಶ ತಿರುಗಿದರು. ಝೇಲಂ ಹೊಳೆಯ ದಡದಲ್ಲಿ ಚಳಿ ತಡೆಯಲಾರದೆ ಉಸುಕಿನಲ್ಲಿ ಗುಂಡಿ ತೋಡಿ, ತಲೆಯೊಂದು ಬಿಟ್ಟು ಮೈಯೆಲ್ಲ ಹೂತುಕೊಂಡು ರಾತ್ರಿ ಕಳೆದದ್ದನ್ನು ಆಕೆಯೇ ಬರೆದಿದ್ದಾಳೆ. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಮದುವೆ, 1882ರಲ್ಲಿ ಕಾಲರಾಕ್ಕೆ ಗಂಡ ಬಲಿ. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಮನೋರಮಾ ಎಂಬ ಕೂಸು.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನವಾಯಿತು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಸಾಕ್ಷಿ ಹೇಳುವವರು ಕಥೆ ಮುಗಿಸಿಬಿಡುತ್ತಾರೆ, ರಮಾಬಾಯಿ ಹಾಗೆ ಮುಗಿಸಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೂ ತನಗೆ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಮುಂದೆ ತಾನೇ ಒಪ್ಪಿಕೊಂಡಳು. ವಾಂಟೇಜ್‌ನಲ್ಲಿ ತನಗೆ ಆಸರೆ ಕೊಟ್ಟ ಸನ್ಯಾಸಿನಿಯರ ಜೊತೆಗೇ ತ್ರಿಯೇಕತ್ವದ ಬಗ್ಗೆ ವಾದ ಹೂಡಿದಳು, ಬಿಷಪ್ಪರ ಮಾತಿಗೂ ಸುಮ್ಮನೆ ತಲೆಯಾಡಿಸಲಿಲ್ಲ. ನೀನು ನನಗೆ ದೇವರು ಇದ್ದಾನೋ ಇಲ್ಲವೋ ಎಂದು ಕೇಳಿದ್ದಕ್ಕೆ ಆಮೇಲೆ ಮಾಫಿ ಕೇಳಿದಿ. ಏಕೆ ಕೇಳಿದಿ? ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲೇ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಬೈಬಲ್ಲಿನಿಂದ ಯಾರೂ ಕಿತ್ತು ಹಾಕಲಿಲ್ಲ. ಪ್ರಾರ್ಥನೆ ಬಾರದ ದಿನ ಅದನ್ನೇ ಜೋರಾಗಿ ಓದು.

ಇಷ್ಟು ಒಂಟಿಯಾದ ರಮಾಬಾಯಿ ಮಾಡಿದ್ದೇನು? 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. 1896-97ರ ಬರದಲ್ಲಿ, ತಾನು ಬರ ಉಂಡವಳಲ್ಲವೇ, ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಆಚೆ ಕೇಡಗಾಂವದಲ್ಲಿ ಇಟ್ಟುಕೊಂಡಳು. ಹಾಗೆ ಹುಟ್ಟಿದ ಮುಕ್ತಿ ಮಿಶನ್ ಇವತ್ತಿಗೂ ಇದೆ. ಅಲ್ಲಿ ಪ್ರಾರ್ಥನೆಯ ಜೊತೆಗೇ ನೇಯ್ಗೆ, ಹೊಲದ ಕೆಲಸ, ಛಾಪಖಾನೆ ಎಲ್ಲ ಇತ್ತು. ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆದು ಮನೋರಮಾಳಿಗೆ ವಹಿಸಿದಳು. ಹಾಗಾದರೆ ಕಡೆಗೆ ಸುಖ ಸಿಕ್ಕಿತೇ? 1921ರಲ್ಲಿ ಮನೋರಮಾಳೂ ತೀರಿಕೊಂಡಳು. ಮರುವರ್ಷದ ಏಪ್ರಿಲ್‌ನಲ್ಲಿ ತಾಯಿ ಹೋದಳು. ಅಷ್ಟು ಕೊಟ್ಟವಳಿಂದ ಅಷ್ಟನ್ನೂ ದೇವರು ಏಕೆ ಕಸಿದುಕೊಂಡ ಎಂದು ನನ್ನನ್ನು ಕೇಳಬೇಡ, ನನಗೆ ಗೊತ್ತಿಲ್ಲ. ಕಾಣಿಕೆಗೆ ತಕ್ಕಷ್ಟು ಆಶೀರ್ವಾದ ವಾಪಸ್ಸು ಬರುತ್ತದೆ ಎನ್ನುವ ಪ್ರಸಂಗಿಯನ್ನು ಮಾತ್ರ ಈ ಹೆಂಗಸಿನ ಮುಂದೆ ನಿಲ್ಲಿಸಿ ಕೇಳಬೇಕು ಅನಿಸುತ್ತದೆ.

ಕುಡಿತದ ಬಗ್ಗೆ ಒಂದೇ ಮಾತು. ಬೆಳಿಗ್ಗೆ ಎದ್ದಾಗ ಕೈ ನಡುಗುವ ಮಟ್ಟಕ್ಕೆ ಬಂದಿದ್ದರೆ, ಹಟ ಹಿಡಿದು ಒಮ್ಮೆಲೇ ನೀನೊಬ್ಬನೇ ಬಿಡಲು ಹೋಗಬೇಡ, ಪ್ರಾಣಕ್ಕೆ ಬರುತ್ತದೆ. ಡಾಕ್ಟರರ ಮುಂದೆ ಬಿಡಬೇಕು. ದವಾಖಾನೆಗೆ ಹೋದರೆ ನಂಬಿಕೆ ಇಲ್ಲದಂತೆ ಎನ್ನುವುದಾಗಿದ್ದರೆ ವಾನ್ಲೆಸ್ ಸಾಹೇಬರು ಕೆನಡಾದಿಂದ ಬಂದು 1894ರಲ್ಲಿ ಮಿರಜದಲ್ಲಿ ಮಿಶನ್ ದವಾಖಾನೆ ಕಟ್ಟುವ ಗೊಡವೆಗೇ ಹೋಗುತ್ತಿರಲಿಲ್ಲ. ಪ್ರಾರ್ಥನೆ ಮಾಡಿಯೇ ಕತ್ತಿ ಹಿಡಿಯುತ್ತಿದ್ದ ಡಾಕ್ಟರು ಅವರು.

ಸಾಲದ ದಾರಿ ಬೇರೆ, ಅದಕ್ಕೆ ಕಾಗದ ಬೇಕು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದವರ ದಬ್ಬಾಳಿಕೆ ತಡೆಯಲು ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಮನೆ ಮುಂದೆ ಬಂದು ಗಲಾಟೆ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನಿನಗೆ ಕೊಟ್ಟವರಲ್ಲಿ ಯಾರು ನೋಂದಣಿ ಇದ್ದವರು, ಯಾರು ಇಲ್ಲದವರು ಎಂದು ಮೊದಲು ಬೇರೆ ಮಾಡೋಣ. ಇದ್ದವರ ಹತ್ತಿರ ಹೋಗಿ ಕಂತು ಸಣ್ಣದು ಮಾಡಿಸಿಕೊಳ್ಳೋಣ, ನಾನೂ ಬರುತ್ತೇನೆ. ತಗೊಂಡದ್ದನ್ನು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆದರಿಕೊಂಡು ತೀರಿಸಬೇಕಾಗಿಲ್ಲ.

ಹೆಂಡತಿಗೆ ನೀನೇ ಫೋನ್ ಮಾಡು, ಅವಳ ಅಣ್ಣನ ಕೈಯಲ್ಲಿ ಹೇಳಿ ಕಳಿಸಬೇಡ. ರಮ್ಮಿಯಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕ ಅವಳಿಗೆ ಪೂರ್ತಿ ಹೇಳು; ಅರ್ಧ ಹೇಳಿದರೆ ಉಳಿದರ್ಧ ಆರು ತಿಂಗಳಿಗೆ ತಾನೇ ಹೊರಬಿದ್ದು ಮನೆ ಒಡೆಯುತ್ತದೆ.

ಈ ಶನಿವಾರ ಪಾಳಿ ಮುಗಿಸಿ ಮಿರಜಕ್ಕೆ ಬಾ, ಅಲ್ಲಿಂದ ಕಾಗವಾಡದ ಬಸ್ಸು ಹತ್ತು. ಕಾಗವಾಡದಲ್ಲಿ ನಾನು ಗಾಡಿ ತಗೊಂಡು ನಿಂತಿರುತ್ತೇನೆ. ಭಾನುವಾರ ಆರಾಧನೆಗೆ ಬರುವ ಮನಸ್ಸಿದ್ದರೆ ಬಾ, ಇಲ್ಲದಿದ್ದರೆ ಮನೆಯಲ್ಲಿ ಮಲಗು, ಯಾರೂ ಕೇಳುವುದಿಲ್ಲ, ಕೇಳದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಕುಡಿದಿದ್ದರೂ ಬಾ; ಬೈಯುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳುತ್ತೇನೆ. ಬರುವಾಗ ಬ್ಯಾಂಕಿನ ಪಾಸ್‌ಬುಕ್ಕು, ಫೈನಾನ್ಸಿನವರ ಕಂತಿನ ಕಾರ್ಡು, ಸಹಿ ಮಾಡಿಸಿಕೊಂಡ ಕಾಗದದ ನಕಲು, ಏನೇನಿದೆಯೋ ಅಷ್ಟೂ ಒಂದು ಚೀಲದಲ್ಲಿ ಹಾಕಿಕೊಂಡು ಬಾ. ಬಾಯಿಲೆಕ್ಕ ನನಗೆ ಬೇಡ.