ತೋಡಿಯ ಗಾಂಧಾರ, ಟಿವಿ ಗೇಮಿನ ಚಿಪ್

ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭವನ್ನು ಸೋಕಿ, ಮಧ್ಯಮದ ಕಡೆಗೆ ಏರಿ, ಮತ್ತೆ ಜಾರುತ್ತದೆ. ಆ ಓಡಾಟವೇ ಗಾಂಧಾರ. ಹಾರ್ಮೋನಿಯಂನಲ್ಲಿ ಅದು ಬರುವುದಿಲ್ಲ, ಅಲ್ಲಿ ಎರಡು ಮನೆಗಳ ನಡುವೆ ಏನೂ ಇಲ್ಲ. ಹಳೆಯ ಟಿವಿ ಗೇಮಿನ ಚಿಪ್‌ನಲ್ಲಿ ಬರುತ್ತದೆ. ಲಕ್ಕವಳ್ಳಿಯ ನಮ್ಮ ಮನೆಯಲ್ಲಿ ಕೂತು ಇದನ್ನು ಕಂಡುಕೊಂಡ ಮೇಲೆ ಆ ಚಿಪ್‌ನ ಮೇಲೆ ನನಗಿದ್ದ ಪ್ರೀತಿ ಗೌರವವಾಗಿ ಬೆಳೆಯಿತು.

ತೊಂಬತ್ತರ ದಶಕದಲ್ಲಿ ತರೀಕೆರೆ, ಭದ್ರಾವತಿಯ ಅಂಗಡಿಗಳಲ್ಲಿ ಸಿಗುತ್ತಿದ್ದ, ಹಳದಿ ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್‌ಗಳು ನೆನಪಿರಬಹುದು. ಅವು 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಫ್ಯಾಮಿಕಾಂನ ನಕಲುಗಳು. ಮೂಲ ಯಂತ್ರದ ರಿಕೋ 2ಎ03 ಚಿಪ್ ಆಟ ನಡೆಸುವುದರ ಜೊತೆಗೆ ಐದು ದನಿಗಳನ್ನೂ ಹೊರಡಿಸುತ್ತದೆ: ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಮತ್ತೆ ಧ್ವನಿಮುದ್ರಣದ ಚಿಕ್ಕ ತುಣುಕು ನುಡಿಸುವ ಇನ್ನೊಂದು. 1985ರ ಸೂಪರ್ ಮಾರಿಯೋಗೆ ಕೋಜಿ ಕೊಂಡೋ ಮೊದಲ ನಾಲ್ಕರಲ್ಲೇ ಸಂಗೀತ ಕಟ್ಟಿದರು.

ಚಿಪ್‌ಗೆ ಸರಿಗಮ ಗೊತ್ತಿಲ್ಲ. ಗೊತ್ತಿರುವುದು 0ಯಿಂದ 2047ರವರೆಗಿನ ಒಂದು ಅಂಕಿ. 17,89,773ನ್ನು 16ರಿಂದ ಭಾಗಿಸಿ, ಬಂದದ್ದನ್ನು ಆ ಅಂಕಿಗೆ ಒಂದು ಕೂಡಿಸಿ ಭಾಗಿಸಿದರೆ ಪಲ್ಸ್‌ನ ಕಂಪನಸಂಖ್ಯೆ. 253 ಕೊಟ್ಟರೆ 440 ಹರ್ಟ್ಸ್. 254 ಕೊಟ್ಟರೆ ಎರಡು ಹರ್ಟ್ಸ್‌ಗಿಂತಲೂ ಕಡಿಮೆ ಇಳಿಕೆ. 253ರಿಂದ ಹಾರ್ಮೋನಿಯಂನ ಹಿಂದಿನ ಮನೆಗೆ ಹದಿನೈದು ಮೆಟ್ಟಿಲು. ಮೇಲೆ ಹೋದಷ್ಟೂ ಮೆಟ್ಟಿಲು ದೊಡ್ಡದಾಗುತ್ತದೆ: 1750 ಹರ್ಟ್ಸ್ ಹತ್ತಿರ ಒಂದೊಂದೂ ಸುಮಾರು 27 ಹರ್ಟ್ಸ್. ಅಷ್ಟು ಎತ್ತರದಲ್ಲಿ ಗಮಕ ಕುಂಟುತ್ತದೆ.

ಈ ಚಿಪ್‌ಗೆ ಸಂಗೀತ ಬರೆಯುವ ಫ್ಯಾಮಿಟ್ರ್ಯಾಕರ್ ತಂತ್ರಾಂಶದಲ್ಲಿ ವೈಬ್ರಾಟೊ ಸಿದ್ಧವಾಗಿಯೇ ಇದೆ. ಆದರೆ ಅದು ಸ್ವರದ ಎರಡೂ ಬದಿಗೆ ಸಮನಾಗಿ ತೂಗುತ್ತದೆ, ಗಮಕ ಹಾಗೆ ತೂಗುವುದಿಲ್ಲ. ಕೆಳಗೆ ಹೆಚ್ಚು ಹೊತ್ತು ತಂಗಿ, ಮೇಲಕ್ಕೆ ಬೀಸಿ, ಬೇಗ ಇಳಿಯುತ್ತದೆ. ಆದ್ದರಿಂದ ಸೆಕೆಂಡಿಗೆ 60 ಸಲ ಬದಲಾಗುವ ಪಿಚ್‌ನ ಪಟ್ಟಿಯನ್ನು ಅಂಕಿ ಅಂಕಿಯಾಗಿ ಬರೆಯಬೇಕು. ನಾನು ಮೊದಲು ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಏರಿಳಿತ ನೋಡಿ ಬರೆಯುತ್ತೇನೆ. ಸಂಗೀತ ಹೇಳಿಕೊಟ್ಟ ಮೇಷ್ಟ್ರಿಗೆ ಕೇಳಿಸಿದಾಗ, “ಗಾಂಧಾರ ಇದೆ ಕಣಪ್ಪ, ಉಸಿರೆಲ್ಲಿ?” ಎಂದರು. ಪಲ್ಸ್‌ನ ದನಿಗೆ 16 ಮಟ್ಟಗಳಿವೆ. ಬೀಸುವಾಗ ಎರಡು ಮಟ್ಟ ತಗ್ಗಿಸಿ, ತಂಗುವಲ್ಲಿ ಏರಿಸಿದ ಮೇಲೆ ತಲೆದೂಗಿದರು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಒಂದು ‘ಟಿಕ್’ ಸದ್ದು. ಆ ಅಂಕಿ ಚಿಪ್‌ನೊಳಗೆ ಎರಡು ತುಂಡಾಗಿ ಕೂರುತ್ತದೆ: ಕೆಳಗಿನ ಎಂಟು ಬಿಟ್ ಒಂದೆಡೆ, ಮೇಲಿನ ಮೂರು ಬಿಟ್ ಇನ್ನೊಂದೆಡೆ. ಮೇಲಿನ ತುಂಡನ್ನು ಬರೆದಾಗಲೆಲ್ಲ ಪಲ್ಸ್‌ನ ಅಲೆ ಮೊದಲಿನಿಂದ ಶುರುವಾಗಿ ಟಿಕ್ ಎನ್ನುತ್ತದೆ. 255ರಿಂದ 256ಕ್ಕೆ, 511ರಿಂದ 512ಕ್ಕೆ ದಾಟುವಾಗ ಇದು ಕೇಳುತ್ತದೆ. ನನ್ನ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು. ಅದರಲ್ಲಿ ಗಾಂಧಾರದ ಓಡಾಟ 380ರಿಂದ 301ರೊಳಗೆ, ನಿರಾಳ. ಆದರೆ ಪಂಚಮ 268, ಧೈವತ 253. ಧೈವತವನ್ನು ಪಂಚಮದಿಂದ ಎತ್ತಿ ಅಲುಗಿಸಿದಾಗಲೆಲ್ಲ ಗಡಿ ದಾಟಿ ಟಿಕ್ ಟಿಕ್.

ಶ್ರುತಿಯನ್ನೇ ಬಿಳಿ ಆರಕ್ಕೆ ಇಳಿಸಿದೆ. ಷಡ್ಜ 507, ನಿಷಾದ 284. ಮಧ್ಯಸ್ಥಾಯಿ ಇಡಿಯಾಗಿ ಎರಡು ಗಡಿಗಳ ಒಳಗೆ ಬಂತು. ನಿಷಾದದ ಗಮಕವನ್ನು ಮೇಲೆ ಎಳೆಯುವಾಗ 257ಕ್ಕೆ ನಿಲ್ಲಿಸುತ್ತೇನೆ. ತಾರಷಡ್ಜವೊಂದೇ ಗಡಿಯಾಚೆ, ಅದು ಅಲುಗದ ಸ್ವರ. ಅಲ್ಲಿನ ಟಿಕ್ ವೀಣೆಯ ಮೀಟಿನಂತೆ ಕೇಳುವುದರಿಂದ ಉಳಿಸಿಕೊಂಡೆ. ಚಿಪ್‌ನ ಸ್ವೀಪ್ ಭಾಗವನ್ನು ಬಳಸಿ ಟಿಕ್ ಇಲ್ಲದೆ ದಾಟಿಸುವ ಉಪಾಯವೂ ಇದೆ, ಫ್ಯಾಮಿಸ್ಟುಡಿಯೋ ಎಂಬ ಇನ್ನೊಂದು ತಂತ್ರಾಂಶದಲ್ಲಿ ಸುಲಭವಾಗಿ ಸಿಗುತ್ತದೆ. ಆದರೂ ಗಾಯಕರು ತಮ್ಮ ಕಂಠಕ್ಕೆ ಶ್ರುತಿ ಹುಡುಕಿಕೊಳ್ಳುತ್ತಾರಲ್ಲ, ಚಿಪ್‌ಗೂ ಅದರದೇ ಶ್ರುತಿ ಹುಡುಕುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಶ್ರುತಿ ಹಿಡಿಯುವುದು ಟ್ರಯಾಂಗಲ್. ಅದಕ್ಕೆ ದನಿಯ ಮಟ್ಟಗಳಿಲ್ಲ, ನುಡಿಯುತ್ತದೆ ಅಥವಾ ಸುಮ್ಮನಿರುತ್ತದೆ. ಅದೇ 507 ಕೊಟ್ಟರೆ ಒಂದು ಸ್ಥಾಯಿ ಕೆಳಗೆ, 110 ಹರ್ಟ್ಸ್. ಸರ್ಕ್ಯೂಟಿನಿಂದ ಶ್ರುತಿ ಹೊರಡಿಸುವುದು ನಮ್ಮ ನಾಡಿಗೆ ಹೊಸದಲ್ಲ: ಬೆಂಗಳೂರಿನ ರಾಡೆಲ್‌ನ ಜಿ. ರಾಜ್ ನಾರಾಯಣ್, ಎಂಜಿನಿಯರೂ ಕೊಳಲು ಬಲ್ಲವರೂ ಆದವರು, ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದು ಫ್ಯಾಮಿಕಾಂಗಿಂತ ಮೊದಲೇ. ಮೃದಂಗದ ಎಡಗೈಯ ‘ಗುಂ’ ನಾದಕ್ಕೂ ಟ್ರಯಾಂಗಲ್ಲೇ ಬೇಕು. ಶ್ರುತಿಯನ್ನು ಕ್ಷಣ ನಿಲ್ಲಿಸಿ, ಅದೇ ಚಾನೆಲ್‌ನಲ್ಲಿ ಗುಂ ನುಡಿಸಿ, ಮತ್ತೆ ಶ್ರುತಿಗೆ ಮರಳಿಸುತ್ತೇನೆ. ನಡುವಿನ ಬಿಡುವನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ಬಲಗೈ ಪೆಟ್ಟಿಗೆ ನಾಯ್ಸ್. ಅದರ ದೊಡ್ಡ ಸುತ್ತು 32,767 ಹೆಜ್ಜೆಗಳಾದ ಮೇಲೆ ಮರುಕಳಿಸುತ್ತದೆ, ಚಿಕ್ಕದು 93ಕ್ಕೇ ಮರುಕಳಿಸಿ ಲೋಹದ ದನಿ ಕೊಡುತ್ತದೆ. ತಾಳಕ್ಕೆ ಚಿಕ್ಕದು. ಭದ್ರಾ ಡ್ಯಾಂನ ಗೇಟಿನಿಂದ ಧುಮುಕುವ ನೀರನ್ನು ದೊಡ್ಡ ಸುತ್ತಿನಲ್ಲಿ ತರಲು ನೋಡಿದ್ದೇನೆ. ಮೊರೆತ ಬಂತು, ಎದೆಗೆ ತಾಗುವ ಗುಡುಗು ಬರಲಿಲ್ಲ.

ಪಾಲ್ ಪದ್ಧತಿಯ ಟಿವಿಗೆಂದು ಮಾಡಿದ ಬಹಳಷ್ಟು ನಕಲು ಯಂತ್ರಗಳು ಸೆಕೆಂಡಿಗೆ 60 ಅಲ್ಲ, 50 ಚೌಕಟ್ಟು ತೋರಿಸುತ್ತವೆ. 60ಕ್ಕೆ ಬರೆದ ಗಮಕ ಅಲ್ಲಿ ಎಳೆದಾಡುತ್ತದೆ. ಶ್ರುತಿಯೂ ಕೂದಲೆಳೆಯಷ್ಟು ಇಳಿಯುತ್ತದೆ, ಆದರೆ ಎಲ್ಲ ಸ್ವರಗಳೂ ಒಟ್ಟಿಗೆ ಇಳಿಯುವುದರಿಂದ ರಾಗಕ್ಕೆ ಕೇಡಿಲ್ಲ. ಗಮಕದ ಪಟ್ಟಿಯನ್ನು ಮಾತ್ರ ಎರಡು ಲೆಕ್ಕದಲ್ಲೂ ಬರೆದಿಡುತ್ತೇನೆ.

ಈಗ ಕೈಗೆತ್ತಿಕೊಂಡಿರುವುದು ಸಾವೇರಿ. ಅದರ ರಿಷಭ ಷಡ್ಜದ ಅಂಚಿನಿಂದಲೇ ಏಳುತ್ತದೆ, ಬಿಳಿ ಆರರಲ್ಲಿ 507ರಿಂದ 512ಕ್ಕೆ ಐದೇ ಮೆಟ್ಟಿಲು. ಕಪ್ಪು ಐದಕ್ಕೆ ಏರಿಸಿದರೆ ಕೆಳಗೆ ಜಾಗ ಸಿಗುತ್ತದೆ, ಆದರೆ ಕಾಕಲಿ ನಿಷಾದ 253ಕ್ಕೆ ಹೋಗಿ ಕೂರುತ್ತದೆ. ಮೇಷ್ಟ್ರನ್ನು ಕೇಳಬೇಕು, ನನ್ನ ಮನಸ್ಸು ರಿಷಭದ ಕಡೆಗಿದೆ.